ಗೆರಿಟ್ ವಿಮರ್ಶೆ: ಕೋಡ್ ಕಳಿಸುವವರ ಕಡೆಯಿಂದ ನೋಡಿದಾಗ

ಮುಕ್ತ ತಂತ್ರಾಂಶಕ್ಕೆ ಕೋಡ್ ಬರೆದುಕೊಡುವವರಲ್ಲಿ ಹೆಚ್ಚಿನವರಿಗೆ ಮೊದಲು ಪರಿಚಯವಾಗುವುದು ಗಿಟ್‌ಹಬ್ ಜಾಲತಾಣದ ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ. ಆಂಡ್ರಾಯ್ಡ್, ಕ್ರೋಮಿಯಂ, ಗೋ ಭಾಷೆ, ಲಿಬ್ರೆಆಫೀಸ್, ಓಪನ್‌ಸ್ಟ್ಯಾಕ್, ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ಮುಂತಾದ ಯೋಜನೆಗಳಿಗೆ ಕೋಡ್ ಕಳಿಸಲು ಹೊರಟಾಗ ಮಾತ್ರ ಕಳಿಸಿದ ಕೋಡನ್ನು ಸೇರಿಸುವ ಮೊದಲು ಪರಿಶೀಲಿಸಲು ಬಳಸುವ ಗೆರಿಟ್ ಎಂಬ ಬೇರೆಯದೇ ವ್ಯವಸ್ಥೆ ಎದುರಾಗುತ್ತದೆ. ಪೈಥಾನ್ ಭಾಷೆಯ ಕರ್ತೃ ಗೀಡೊ ವಾನ್ ರಾಸಮ್ ಬರೆದಿದ್ದ ರೀಟ್‌ವೆಲ್ಡ್ ಎಂಬ ಉಪಕರಣದಿಂದ ಕವಲೊಡೆದು, ಗೂಗಲ್‌ನಲ್ಲಿದ್ದ ಶಾನ್ ಪಿಯರ್ಸ್ ಅವರ ಕೈಯಲ್ಲಿ ಆಂಡ್ರಾಯ್ಡ್‌ಗಾಗಿ ಬೆಳೆದು, ಮುಂದೆ ಜಾವಾದಲ್ಲಿ ಹೊಸದಾಗಿ ಬರೆಸಿಕೊಂಡ ಈ ತಂತ್ರಾಂಶದ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಮೊದಲ ಸಲ ಕೋಡ್ ಕಳಿಸುವುದು ಇದರಲ್ಲಿ ತ್ರಾಸದಾಯಕ, ಆದರೆ ತಿದ್ದಿ ಮತ್ತೆ ಕಳಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಬಳಸಿಲ್ಲ. ಕೋಡ್ ಒಪ್ಪಿಗೆಯಾಗುವ ಹಾದಿಯ ಬಹುಭಾಗ ತಿದ್ದಿ ಕಳಿಸುವುದರಲ್ಲೇ ಕಳೆಯುವುದರಿಂದ ತಕ್ಕಡಿ ಗೆರಿಟ್ ಕಡೆಗೇ ವಾಲುತ್ತದೆ.

ತ್ರಾಸ ಆರಂಭದಲ್ಲೇ ಇದೆ. ಕೋಡ್‌ನ ಬದಲಾವಣೆಗಳ ಇತಿಹಾಸ ಕಾಪಾಡುವ ಗಿಟ್ ತಂತ್ರಾಂಶವನ್ನು ಚೆನ್ನಾಗಿ ಬಲ್ಲವರೂ ಇಲ್ಲಿ ಸ್ವಲ್ಪ ತಡವರಿಸುತ್ತಾರೆ. ಬ್ರಾಂಚಿಗೆ (ಕೋಡ್‌ನ ಒಂದು ಕವಲಿಗೆ) ನೇರವಾಗಿ ಪುಶ್ ಮಾಡುವಂತಿಲ್ಲ, ಅಂದರೆ ಕೋಡ್ ಕಳಿಸುವಂತಿಲ್ಲ. ‘ರೆಫ್ಸ್/ಫಾರ್/ಮೇನ್’ ಎಂಬ ವಿಳಾಸಕ್ಕೆ ಪುಶ್ ಮಾಡಬೇಕು. ಅಂಥದೊಂದು ಬ್ರಾಂಚ್ ವಾಸ್ತವದಲ್ಲಿ ಇರುವುದೇ ಇಲ್ಲ, ಆ ವಿಳಾಸಕ್ಕೆ ಬಂದದ್ದನ್ನು ಗೆರಿಟ್ ತಡೆದು ಪರಿಶೀಲನೆಗೆ ಇಡುತ್ತದೆ. ಕಮಿಟ್ ಸಂದೇಶದ, ಅಂದರೆ ದಾಖಲಿಸಿದ ಪ್ರತಿ ಬದಲಾವಣೆಯ ಜೊತೆ ಬರೆಯುವ ವಿವರಣೆಯ, ಕೊನೆಯಲ್ಲಿ ಆ ಬದಲಾವಣೆಯನ್ನು ಗುರುತಿಸುವ ‘ಚೇಂಜ್-ಐಡಿ’ ಎಂಬ ಸಾಲು ಇರಬೇಕು. ಅದನ್ನು ತಾನಾಗಿ ಸೇರಿಸುವ ಪುಟ್ಟ ಹುಕ್ ಸ್ಕ್ರಿಪ್ಟನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಪುಶ್ ತಿರಸ್ಕೃತವಾಗುತ್ತದೆ. ಗೂಗಲ್ ನಡೆಸುವ ಯೋಜನೆಗಳಾದರೆ ಕೊಡುಗೆದಾರರ ಪರವಾನಗಿ ಒಪ್ಪಂದಕ್ಕೂ ಒಪ್ಪಿಗೆ ಕೊಡಬೇಕು. ಒಂದು ಅಕ್ಷರದೋಷ ತಿದ್ದಲು ಬಂದವರಿಗೆ ಇಷ್ಟೆಲ್ಲ ಸಿದ್ಧತೆ ಹೆಚ್ಚೆನಿಸುವುದು ಸಹಜ, ಅನೇಕರು ಇಲ್ಲಿಂದಲೇ ಹಿಂದಿರುಗುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಆ ಚೇಂಜ್-ಐಡಿ ಸಾಲಿನ ಪ್ರಯೋಜನ ತಿಳಿಯುವುದು ಪರಿಶೀಲಕರು ತಿದ್ದುಪಡಿ ಕೇಳಿದ ಮೇಲೆ. ಪುಲ್ ರಿಕ್ವೆಸ್ಟ್ ಪದ್ಧತಿಯಲ್ಲಿ ‘ಟಿಪ್ಪಣಿಗಳನ್ನು ಸರಿಪಡಿಸಿದೆ’, ‘ಇನ್ನೊಮ್ಮೆ ಸರಿಪಡಿಸಿದೆ’ ಎಂಬಂಥ ಕಮಿಟ್‌ಗಳು ಒಂದರ ಮೇಲೊಂದು ಪೇರುತ್ತವೆ. ಅವನ್ನು ಒಂದಾಗಿಸಿ ಫೋರ್ಸ್ ಪುಶ್ ಮಾಡಿದರೆ (ಹಳೆಯದರ ಜಾಗದಲ್ಲಿ ಹೊಸದನ್ನು ಬಲವಂತವಾಗಿ ಇರಿಸಿದರೆ) ಸಾಲು ಬದಲಾದ ಕಡೆಯ ಟಿಪ್ಪಣಿಗಳು ‘ಔಟ್‌ಡೇಟೆಡ್’ ಎಂಬ ಹಣೆಪಟ್ಟಿ ಹೊತ್ತು ಮಡಚಿಕೊಳ್ಳುತ್ತವೆ. ಗೆರಿಟ್‌ನಲ್ಲಿ ಪರಿಶೀಲನೆಯ ಘಟಕ ಒಂದೇ ಕಮಿಟ್. ಅದನ್ನೇ ತಿದ್ದಿ ಮತ್ತೆ ಪುಶ್ ಮಾಡಿದಾಗ, ಚೇಂಜ್-ಐಡಿ ಹಳೆಯದೇ ಆಗಿರುವುದರಿಂದ, ಅದೇ ಬದಲಾವಣೆಯ ಹೊಸ ಪ್ಯಾಚ್‌ಸೆಟ್ (ಆವೃತ್ತಿ) ಆಗಿ ದಾಖಲಾಗುತ್ತದೆ. ಹಿಂದಿನ ಪ್ಯಾಚ್‌ಸೆಟ್‌ಗಳು ಅಳಿಯದೆ ಉಳಿಯುತ್ತವೆ ಮತ್ತು ಯಾವ ಎರಡನ್ನಾದರೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಪರಿಶೀಲಕರು ಕಳೆದ ಸಲ ಮೂರನೆಯದನ್ನು ಓದಿದ್ದು ಈಗ ಐದನೆಯದು ಬಂದಿದ್ದರೆ, ನಡುವೆ ಬದಲಾದ ನಾಲ್ಕಾರು ಸಾಲುಗಳನ್ನಷ್ಟೇ ಓದಿದರೆ ಸಾಕು. ಬಿಡುವಿನ ವೇಳೆಯಲ್ಲಿ ಈ ಕೆಲಸ ಮಾಡುವ ನಿರ್ವಾಹಕರಿಗೆ ಇದು ಸಣ್ಣ ಉಪಕಾರವಲ್ಲ, ಅವರಿಗೆ ಸುಲಭವಾದಷ್ಟೂ ಕೋಡ್ ಕಳಿಸಿದವರ ಕೆಲಸ ಬೇಗ ಸಾಗುತ್ತದೆ.

ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಇನ್ನೊಂದು ಸಂಗತಿ. ಗೆರಿಟ್ ಕಮಿಟ್ ಸಂದೇಶವನ್ನೂ ಒಂದು ಕಡತವೆಂದೇ ಎಣಿಸಿ ಕಡತಗಳ ಪಟ್ಟಿಯ ತಲೆಯಲ್ಲಿ ತೋರಿಸುತ್ತದೆ, ಆದ್ದರಿಂದ ಅದರ ಪ್ರತಿ ಸಾಲಿಗೂ ಟಿಪ್ಪಣಿ ಬರೆಯಬಹುದು. ತಿಂಗಳ ಕೊನೆಯ ದಿನವನ್ನು ತಪ್ಪಾಗಿ ಲೆಕ್ಕ ಹಾಕುತ್ತಿದ್ದ ಒಂದು ಫಂಕ್ಷನ್‌ಗೆ ನಾನು ಕಳಿಸಿದ್ದ ಪರಿಹಾರದಲ್ಲಿ, ಕೋಡ್ ಬಗ್ಗೆ ಪರಿಶೀಲಕರು ಒಂದು ಮಾತನ್ನೂ ಆಡಿರಲಿಲ್ಲ. ಟಿಪ್ಪಣಿ ಇದ್ದದ್ದು ಸಂದೇಶದ ಎರಡನೆಯ ಸಾಲಿಗೆ. ಏನು ಬದಲಾಗಿದೆ ಎಂಬುದು ಡಿಫ್‌ನಲ್ಲೇ (ಹಳೆಯ, ಹೊಸ ಸಾಲುಗಳ ಹೋಲಿಕೆಯಲ್ಲೇ) ಕಾಣುತ್ತದೆ, ಹಳೆಯ ಲೆಕ್ಕ ಯಾವ ಸಂದರ್ಭದಲ್ಲಿ ತಪ್ಪುತ್ತಿತ್ತು ಎಂಬುದನ್ನು ಇಲ್ಲಿ ಬರೆಯಿರಿ, ಎಂದು ಅವರು ಕೇಳಿದ್ದರು. ವರ್ಷಗಳ ನಂತರ ಆ ಸಾಲಿನ ಮೂಲ ಹುಡುಕಿಕೊಂಡು ಬರುವವರಿಗೆ ಸಿಗುವುದು ಆ ಸಂದೇಶವೊಂದೇ ಆದ್ದರಿಂದ ಬೇಡಿಕೆ ನ್ಯಾಯವಾದದ್ದೇ. ಗಿಟ್‌ಹಬ್‌ನಲ್ಲಿ ಕಮಿಟ್ ಸಂದೇಶದ ಸಾಲಿಗೆ ಟಿಪ್ಪಣಿ ಬರೆಯುವ ಜಾಗವೇ ಇಲ್ಲ, ಹಾಗಾಗಿ ಅಲ್ಲಿ ಈ ಮಾತು ಏಳುವುದೂ ಅಪರೂಪ.

ಇನ್ನು ಅಂಕಗಳು. ‘ಕೋಡ್-ರಿವ್ಯೂ’ ಎಂಬ ತಲೆಬರಹದಡಿ -2ರಿಂದ +2ರವರೆಗೆ ಮತ ಹಾಕುವ ಪದ್ಧತಿ ಹೊಸಬರಿಗೆ ಪರೀಕ್ಷೆಯ ಫಲಿತಾಂಶದಂತೆ ಕಂಡು ಗಾಬರಿ ಹುಟ್ಟಿಸುತ್ತದೆ. -1 ಎಂದರೆ ‘ಈಗಿರುವ ರೂಪದಲ್ಲಿ ಬೇಡ’ ಎಂದಷ್ಟೇ ಅರ್ಥ. ತಿದ್ದಿ ಕಳಿಸಿದರೆ ಮುಗಿಯಿತು. -2 ನಿಜವಾದ ತಡೆ, ಕೊಟ್ಟವರು ಹಿಂತೆಗೆದುಕೊಳ್ಳುವವರೆಗೆ ಅದು ಸಾಮಾನ್ಯವಾಗಿ ಹೊಸ ಪ್ಯಾಚ್‌ಸೆಟ್‌ಗೂ ಅಂಟಿಕೊಂಡು ಬರುತ್ತದೆ. +1 ಎಂದರೆ ‘ನನಗೆ ಸರಿ ಕಂಡಿದೆ, ಒಪ್ಪಿಗೆ ಬೇರೆಯವರು ಕೊಡಬೇಕು’ ಎಂದು. ಎಷ್ಟು +1 ಸೇರಿದರೂ ಅವು ಒಂದು +2ಕ್ಕೆ, ಅಂದರೆ ಒಪ್ಪಿಗೆಗೆ, ಸಮವಾಗುವುದಿಲ್ಲ, +2 ಕೊಡುವ ಅಧಿಕಾರವಿರುವುದು ಯೋಜನೆ ನೇಮಿಸಿದ ಕೆಲವರಿಗೆ ಮಾತ್ರ. ಮೀಡಿಯಾವಿಕಿಯಲ್ಲಿ +2 ಬಿದ್ದೊಡನೆ ಸ್ವಯಂಚಾಲಿತ ಪರೀಕ್ಷೆಗಳು ಓಡಿ, ಅವು ಪಾಸಾದರೆ ಕೋಡ್ ತಾನಾಗಿ ಮರ್ಜ್ ಆಗುತ್ತದೆ (ಯೋಜನೆಯ ಮೂಲ ಕೋಡ್‌ಗೆ ಸೇರುತ್ತದೆ). ಓಪನ್‌ಸ್ಟ್ಯಾಕ್‌ನಲ್ಲಿ ವಾಡಿಕೆಯಂತೆ ಇಬ್ಬರ +2 ಬೇಕು. ನಿಷ್ಠುರವಾಗಿ ಕಂಡರೂ ಈ ಪದ್ಧತಿಯಲ್ಲಿ ತನ್ನ ಕೋಡ್ ಯಾವ ಹಂತದಲ್ಲಿದೆ ಎಂಬ ಗೊಂದಲ ಉಳಿಯುವುದಿಲ್ಲ.

ಕೊರತೆಗಳೂ ಸಾಕಷ್ಟಿವೆ. ಸಾಲಿನ ಕೆಳಗೆ ಬರೆದು ಉಳಿಸಿದ ಉತ್ತರ ಡ್ರಾಫ್ಟ್ ಆಗಿಯೇ ಇರುತ್ತದೆ. ಪುಟದ ಮೇಲ್ಭಾಗದ ‘ರಿಪ್ಲೈ’ ಒತ್ತಿ ಕಳಿಸುವವರೆಗೆ ಬೇರೆ ಯಾರಿಗೂ ಕಾಣುವುದಿಲ್ಲ. ಕೊಡುಗೆದಾರರು ಉತ್ತರಿಸಿದ್ದೇನೆಂದೂ ಪರಿಶೀಲಕರು ಉತ್ತರ ಬಂದಿಲ್ಲವೆಂದೂ ಪರಸ್ಪರ ಕಾಯುತ್ತ ಕೂರುವ ಸಂದರ್ಭಗಳು ಇದರಿಂದಲೇ ಹುಟ್ಟುತ್ತವೆ. ಒಂದರ ಮೇಲೊಂದು ಅವಲಂಬಿಸಿದ ಬದಲಾವಣೆಗಳ ಸರಪಳಿಯಲ್ಲಿ ತಳದ ಒಂದನ್ನು ತಿದ್ದಿದರೆ ಮೇಲಿನ ಎಲ್ಲವನ್ನೂ ರೀಬೇಸ್ ಮಾಡಿ, ಅಂದರೆ ತಿದ್ದಿದ ತಳದ ಮೇಲೆ ಕೂರಿಸಿ, ಮತ್ತೆ ಕಳಿಸಬೇಕು. ರೀಬೇಸ್ ಕೈಗೆ ಒಗ್ಗದವರಿಗೆ ಇದು ಶಿಕ್ಷೆಯೇ ಸರಿ.

ಎಲ್ಲಕ್ಕಿಂತ ದೊಡ್ಡ ದೂರು ಕಾಯುವಿಕೆಯದು, ಆದರೆ ಅದನ್ನು ಪೂರ್ತಿ ಗೆರಿಟ್ ಮೇಲೆ ಹೊರಿಸಲಾಗದು. ಒಂದು ಯೋಜನೆಯಲ್ಲಿ ನನ್ನ ಬದಲಾವಣೆ +1ಗಳನ್ನು ಹೊತ್ತು ತಿಂಗಳುಗಟ್ಟಲೆ ನಿಂತಿತ್ತು. ಆ ಭಾಗಕ್ಕೆ +2 ಕೊಡಬಲ್ಲವರು ಬೇರೆ ಕೆಲಸಕ್ಕೆ ಹೋಗಿದ್ದರು, ಅದನ್ನು ಹೇಳುವ ಯಾವ ಸೂಚನೆಯೂ ಪರದೆಯ ಮೇಲೆ ಇರಲಿಲ್ಲ. 2020ರಲ್ಲಿ ಬಂದ ‘ಅಟೆನ್ಷನ್ ಸೆಟ್’, ಅಂದರೆ ಈಗ ಯಾರ ಸರದಿ ಎಂದು ಹೆಸರಿನ ಪಕ್ಕ ಗುರುತು ಹಾಕಿ ತೋರಿಸುವ ಸೌಲಭ್ಯ, ಸರದಿ ಯಾರದೆಂದು ಹೇಳುತ್ತದೆಯೇ ಹೊರತು ಅವರು ಇನ್ನೂ ಅಲ್ಲಿದ್ದಾರೆಯೇ ಎಂದು ಹೇಳುವುದಿಲ್ಲ. ಆದ್ದರಿಂದ ಪರಿಶೀಲಕರನ್ನು ಸೇರಿಸುವ ಮೊದಲು, ಅದೇ ಕಡತಕ್ಕೆ ಇತ್ತೀಚೆಗೆ ಮರ್ಜ್ ಆದ ಬದಲಾವಣೆಗಳಿಗೆ +2 ಕೊಟ್ಟವರು ಯಾರೆಂದು ಹುಡುಕಿ ನೋಡಿ ಅವರನ್ನೇ ಸೇರಿಸುವುದು ಜಾಣತನ. ಹುಡುಕಾಟದ ಸೌಲಭ್ಯ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಒಂದೇ ಒಂದು ಸಣ್ಣ ತಿದ್ದುಪಡಿ ಕಳಿಸಿ ಮುಗಿಸುವವರಿಗೆ ಗೆರಿಟ್ ಕಲಿಯುವ ಶ್ರಮ ದಕ್ಕುವುದಿಲ್ಲ. ಒಂದೇ ಯೋಜನೆಗೆ ಮತ್ತೆ ಮತ್ತೆ ಕೋಡ್ ಕಳಿಸಬೇಕೆಂದಿರುವವರು ಹಿಂಜರಿಯದೆ ಕಲಿಯಬಹುದು. ನಡುವಿನ ದಾರಿ ಬೇಕಿದ್ದವರು ಗೋ ಭಾಷೆಯ ಯೋಜನೆಯಿಂದ ಆರಂಭಿಸಲಿ: ಅಲ್ಲಿ ಗಿಟ್‌ಹಬ್‌ನಲ್ಲಿ ತೆರೆದ ಪುಲ್ ರಿಕ್ವೆಸ್ಟನ್ನು ಒಂದು ಬಾಟ್ ಗೆರಿಟ್‌ಗೆ ಒಯ್ಯುತ್ತದೆ, ಅದರ ಶೀರ್ಷಿಕೆ ಮತ್ತು ವಿವರಣೆಯೇ ಕಮಿಟ್ ಸಂದೇಶವಾಗುತ್ತದೆ. ಪರಿಶೀಲನೆ ನಡೆಯುವುದು ಮಾತ್ರ ಗೆರಿಟ್‌ನಲ್ಲೇ, ಹಾಗಾಗಿ ಟಿಪ್ಪಣಿಗಳಿಗೆ ಉತ್ತರವನ್ನೂ ಅಲ್ಲಿಯೇ ಲಾಗಿನ್ ಆಗಿ ಬರೆಯಬೇಕು.