ಎ ಮೋಸ್ಟ್ ವಯೊಲೆಂಟ್ ಇಯರ್: ತೈಲ, ದಾಂಪತ್ಯ ಮತ್ತು ಭಯ

ಜೆ. ಸಿ. ಚಾಂಡರ್ ಬರೆದು ನಿರ್ದೇಶಿಸಿ, 2014ರಲ್ಲಿ ತೆರೆಕಂಡ ಈ ಚಿತ್ರದ ಕಥೆ 1981ರ ಚಳಿಗಾಲದ ನ್ಯೂಯಾರ್ಕ್‌ನಲ್ಲಿ ನಡೆಯುತ್ತದೆ. ಮನೆಗಳನ್ನು ಬೆಚ್ಚಗಿಡುವ ತೈಲದ ವ್ಯಾಪಾರಿಯಾದ ವಲಸಿಗ ಏಬೆಲ್ ಮೊರಾಲೆಸ್, ನದಿ ದಂಡೆಯ ತೈಲ ಸಂಗ್ರಹಾಗಾರವೊಂದಕ್ಕೆ ಮುಂಗಡ ಕೊಟ್ಟಿದ್ದಾನೆ; ಉಳಿದ ಹಣವನ್ನು 30 ದಿನಗಳಲ್ಲಿ ಹೊಂದಿಸದಿದ್ದರೆ ಮುಂಗಡವೂ ಕೈತಪ್ಪುತ್ತದೆ. ಅದೇ ಹೊತ್ತಿಗೆ ಅವನ ಟ್ಯಾಂಕರ್‌ಗಳನ್ನು ಹಾಡಹಗಲೇ ಅಪಹರಿಸಲಾಗುತ್ತಿದೆ, ಸರ್ಕಾರಿ ವಕೀಲರು ಲೆಕ್ಕಪತ್ರಗಳನ್ನು ಕೆದಕುತ್ತಿದ್ದಾರೆ.

ದಾಂಪತ್ಯದ ಬಿರುಕನ್ನು ತೋರಿಸಿರುವ ರೀತಿಯೇ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ರಾತ್ರಿ ಕಾರಿಗೆ ಸಿಕ್ಕಿದ ಜಿಂಕೆಯೊಂದು ನರಳುತ್ತಿರುವಾಗ ಏಬೆಲ್ ಕಬ್ಬಿಣದ ಸಲಾಕೆ ಹಿಡಿದು ಹಿಂಜರಿಯುತ್ತಾನೆ. ಅಷ್ಟರಲ್ಲಿ ಪತ್ನಿ ಆನಾ ಗುಂಡು ಹಾರಿಸಿ ಅದರ ನೋವನ್ನು ಮುಗಿಸುತ್ತಾಳೆ. ಅವಳ ಬಳಿ ಪಿಸ್ತೂಲಿದೆ ಎಂಬುದೇ ಗಂಡನಿಗೆ ಆಘಾತ. ಕಾನೂನಿನ ದಾರಿಯಲ್ಲೇ ಮೇಲೇರಲು ಹಟ ಹಿಡಿದವನಿಗೂ, ದುಷ್ಕರ್ಮಿಯ ಮಗಳಾಗಿ ಬೆಳೆದವಳಿಗೂ ನಡುವಿನ ಅಂತರ ಆ ಒಂದು ದೃಶ್ಯದಲ್ಲಿ ಸ್ಪಷ್ಟವಾಗುತ್ತದೆ. ಆಸ್ಕರ್ ಐಸಾಕ್ ಮತ್ತು ಜೆಸ್ಸಿಕಾ ಚಾಸ್ಟೈನ್ ಇಬ್ಬರೂ ಧ್ವನಿಯನ್ನು ಹೆಚ್ಚು ಏರಿಸದೆಯೇ ಜಗಳವಾಡಬಲ್ಲರು.

ಏಬೆಲ್‌ನಂತೆ ತಾನೂ ಮೇಲೇರಬೇಕೆಂದು ಹಂಬಲಿಸುವ ವಲಸಿಗ ಚಾಲಕ ಜೂಲಿಯನ್ ಪೆಟ್ಟು ತಿಂದ ಮೇಲೆ ಮತ್ತೆ ಸ್ಟಿಯರಿಂಗ್ ಹಿಡಿಯಲು ಪಡುವ ಭಯವನ್ನು ಎಲೈಸ್ ಗೇಬಲ್ ಮನಮುಟ್ಟುವಂತೆ ಅಭಿನಯಿಸಿದ್ದಾರೆ. ಯಜಮಾನನ ಆದರ್ಶಕ್ಕೆ ನಿಜವಾದ ಬೆಲೆ ತೆರುವವನು ಇವನೇ, ಮತ್ತು ಚಿತ್ರ ಅದನ್ನು ಮರೆಮಾಚುವುದಿಲ್ಲ. ಬ್ರಾಡ್‌ಫರ್ಡ್ ಯಂಗ್ ಅವರ ಮಸುಕು ಹಳದಿ ಛಾಯಾಗ್ರಹಣ ಸೊಗಸಾಗಿದೆ. ಡೇವಿಡ್ ಒಯೆಲೊವೊ ಅವರ ವಕೀಲನ ಪಾತ್ರಕ್ಕೆ ಮಾತ್ರ ಸಾಕಷ್ಟು ಅವಕಾಶ ದೊರೆತಿಲ್ಲ. ಗುಂಡಿನ ಕಾಳಗವನ್ನು ನಿರೀಕ್ಷಿಸುವವರಿಗೆ ನಡಿಗೆ ನಿಧಾನವೆನಿಸೀತು. ಸಂಬಂಧಗಳ ಸೂಕ್ಷ್ಮವನ್ನು ತಾಳ್ಮೆಯಿಂದ ನೋಡುವವರು ಇದನ್ನು ತಪ್ಪದೆ ನೋಡಬೇಕು.