ಗಾಜು, ಅಕ್ರಿಲಿಕ್, ಜಾಲರಿ: ಹಾರುವ ಮೀನಿಗೆ ಮೂರು ಮುಚ್ಚಳ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಜಾಲರಿಗೆ. ಮೀನಿನ ತೊಟ್ಟಿಯ ಮೇಲೆ ಹಾಕಲು, ಅಲ್ಯೂಮಿನಿಯಂ ಚೌಕಟ್ಟಿಗೆ ಪ್ಲಾಸ್ಟಿಕ್ ಬಲೆ ಬಿಗಿದ ಮುಚ್ಚಳ. ಕಿಟಕಿಗೆ ಸೊಳ್ಳೆ ಪರದೆ ಹಾಕುತ್ತಾರಲ್ಲ, ಆ ಥರ. ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಏಳಿದ್ದ ನನ್ನ ಹ್ಯಾಚೆಟ್ ಮೀನು ನಾಲ್ಕಾಗಿದ್ದವು. ಹಾಗಾಗಿ ತಕ್ಕಡಿ ಸ್ವಲ್ಪ ಒಂದು ಕಡೆ ವಾಲಿದ್ದರೆ ಸಹಿಸಿಕೊಳ್ಳಿ.

ಹ್ಯಾಚೆಟ್ ನೋಡದವರಿಗೆ ಒಂದು ಮಾತು. ಬೆನ್ನು ನೆಟ್ಟಗೆ, ಎದೆ ಮಾತ್ರ ಕೊಡಲಿಯ ಅಲಗಿನಂತೆ ಉಬ್ಬಿರುವ ಪುಟ್ಟ ಮೀನು. ದಕ್ಷಿಣ ಅಮೆರಿಕದ ಹೊಳೆಗಳದ್ದು. ಆ ಉಬ್ಬಿದ ಎದೆಯಲ್ಲಿರುವುದು ಎದೆಯ ಈಜುರೆಕ್ಕೆಗಳನ್ನು ಬೀಸುವ ಸ್ನಾಯು. ಹೊತ್ತಿಡೀ ನೀರಿನ ಮೇಲ್ಭಾಗಕ್ಕೇ ಅಂಟಿಕೊಂಡಿರುತ್ತದೆ. ಬೆಚ್ಚಿದರೆ ಕೆಳಕ್ಕೆ ಓಡುವುದಿಲ್ಲ, ಮೇಲಕ್ಕೆ ಚಿಮ್ಮುತ್ತದೆ. ಹೊಳೆಯಲ್ಲಿ ಹಾಗೆ ಚಿಮ್ಮಿದರೆ ಮತ್ತೆ ಹೊಳೆಗೇ ಬೀಳುತ್ತದೆ. ನಮ್ಮ ಎರಡಡಿ ತೊಟ್ಟಿಯಲ್ಲಿ ಚಿಮ್ಮಿದರೆ ಸೋಫಾ ಹಿಂದೆ.

ಶುರುವಿನಲ್ಲಿ ಮುಚ್ಚಳವೇ ಬೇಡ ಅಂದುಕೊಂಡಿದ್ದೆ. ನೀರನ್ನು 5 ಸೆಂಟಿಮೀಟರ್ ಇಳಿಸಿ, ಮೇಲೆ ತೇಲುವ ಗಿಡ ಬಿಟ್ಟರೆ ಸಾಕು ಎಂದು ಯಾರೋ ಹೇಳಿದ್ದರು. ಒಂದು ಬೆಳಿಗ್ಗೆ ಕಸ ಗುಡಿಸುತ್ತಿದ್ದ ಅಮ್ಮ ಕರೆದಳು. "ಇಲ್ಲಿ ನೋಡೋ, ಒಣಗಿದ ಎಲೆ ಅಂದ್ಕೊಂಡೆ. ಇದಕ್ಕೆ ಕಣ್ಣಿದೆ." ನೀರು ಇಳಿಸುವ ಉಪಾಯದ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಮುಚ್ಚಳ ತರುವ ಮೊದಲು ನೀರು ಪರೀಕ್ಷೆ ಮಾಡಿ. ಮೀನಿನ ಕಸದಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಏರಿದ್ದರೆ, ಆಮ್ಲಜನಕ ಸಾಲದೆ ಬಂದರೆ ಹಾರುವ ಜಾತಿಯಲ್ಲದ ಮೀನೂ ಹಾರುತ್ತದೆ. ಆಗ ಮೇಲೆ ಮುಚ್ಚುವುದೆಂದರೆ ಸುಮ್ನೆ ಬಾಗಿಲು ಹಾಕಿ ಒಳಗೆ ಕೂಡಿಹಾಕಿದ ಹಾಗೆ. ನನ್ನಲ್ಲಿ ಎರಡೂ ಸೊನ್ನೆ ಇದ್ದವು. ರಾತ್ರಿ ಕತ್ತಲಲ್ಲಿ ನಾನು ಫಟ್ ಅಂತ ಕೋಣೆಯ ಲೈಟ್ ಹಾಕುತ್ತಿದ್ದುದೇ ಅವು ಬೆಚ್ಚಲು ಕಾರಣ ಅನ್ನಿಸುತ್ತದೆ. ಈಗ ಮೊದಲು ಪಕ್ಕದ ಕೋಣೆಯ ಲೈಟ್ ಹಾಕಿ, ಆಮೇಲೆ ಇಲ್ಲಿಯದು ಹಾಕುತ್ತೇನೆ.

ಅಕ್ರಿಲಿಕ್‌ಗೆ ಬರೋಣ. ಗಾಜಿನಂತೆ ಕಾಣುವ ಪ್ಲಾಸ್ಟಿಕ್, 3 ಮಿಲಿಮೀಟರ್ ದಪ್ಪದ ಶೀಟ್, ಅಳತೆಗೆ ಕತ್ತರಿಸಿದ್ದು. ಹಾಕಿದ ದಿನ ಎಷ್ಟು ಚೆಂದ ಇತ್ತೆಂದರೆ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದೆ. ಹಗುರ, ಒಂದೇ ಕೈಯಲ್ಲಿ ಎತ್ತಬಹುದು. ಫಿಲ್ಟರ್ ಪೈಪಿಗೆ ತೂತು ಮನೆಯಲ್ಲೇ ಕೊರೆದೆ.

ಎರಡನೇ ವಾರ ಒಂದು ಮೂಲೆ ಸ್ವಲ್ಪ ಎದ್ದಂತೆ ಕಂಡಿತು. ಒತ್ತಿದೆ, ಕೂತಿತು. ಬಿಟ್ಟೆ, ಎದ್ದಿತು. ಮೂರನೇ ವಾರಕ್ಕೆ ನಾಲ್ಕೂ ಮೂಲೆ ಎದ್ದು, ಶೀಟ್ ಅಗಲ ತಟ್ಟೆಯಂತೆ ನಡುವೆ ತಗ್ಗಾಯಿತು. ಆ ಸಂದಿಯಲ್ಲಿ ನನ್ನ ಕಿರುಬೆರಳು ಆರಾಮವಾಗಿ ತೂರುತ್ತಿತ್ತು. ಕತ್ತರಿಸಿದವರದ್ದೇ ತಪ್ಪು ಎಂದು ಮನಸ್ಸಲ್ಲೇ ಬೈದುಕೊಂಡೆ. ಅವರ ತಪ್ಪಲ್ಲ. ಅಕ್ರಿಲಿಕ್ ಸ್ವಲ್ಪ ಸ್ವಲ್ಪವೇ ನೀರು ಹೀರುತ್ತದೆ, ಹೀರಿದಷ್ಟು ಹಿಗ್ಗುತ್ತದೆ. ಕೆಳಗಿನ ಮೈ ಸದಾ ಒದ್ದೆ, ಮೇಲಿನ ಮೈಗೆ ದೀಪದ ಬಿಸಿ. ಕೆಳಗಿನದು ಹಿಗ್ಗಿತು, ಮೇಲಿನದು ಹಿಗ್ಗಲಿಲ್ಲ, ಅಷ್ಟೇ. ಅಂಚು ಮೇಲೇಳದೆ ಇನ್ನೇನು ಮಾಡೀತು?

ಇದಕ್ಕೆ ಮದ್ದು ತಿರುಗಿಸಿ ಹಾಕುವುದು. ಮಗುಚಿ ಹಾಕಿದರೆ ಕೆಲವು ದಿನದಲ್ಲಿ ನೆಟ್ಟಗಾಗುತ್ತದೆ, ಆಮೇಲೆ ಹೊಸದಾಗಿ ಬಾಗಲು ಶುರು. ಸರಿ, ಪ್ರತಿ ಭಾನುವಾರ ಮಗುಚುವ ಕೆಲಸ ಹಚ್ಚಿಕೊಂಡೆ. ಆದರೆ ಪೈಪಿನ ತೂತು ಇರುವುದು ಹಿಂದಿನ ಬಲ ಮೂಲೆಯಲ್ಲಿ. ಮಗುಚಿದರೆ ಎಡಕ್ಕೆ ಹೋಗುತ್ತದೆ, ಇಲ್ಲವೇ ಮುಂದಕ್ಕೆ ಬರುತ್ತದೆ! ಇನ್ನೊಂದು ತೂತು ಕೊರೆದೆ. ಈಗ ಯಾವ ಬದಿಗೆ ಹಾಕಿದರೂ ಒಂದು ತೂತು ಖಾಲಿ. ಅದಕ್ಕೆ ಸ್ಪಾಂಜ್ ತುರುಕಿದೆ. ಮೂಲೆಗಳ ಮೇಲೆ ಬೆಣಚುಕಲ್ಲು ಇಟ್ಟೆ. ಫೋಟೋ ಕಳಿಸಿಕೊಂಡವರೊಬ್ಬರು ಮನೆಗೆ ಬಂದು, "ಇದೇನಪ್ಪಾ ಸಮಾಧಿ ಕಟ್ಟಿದ್ದೀಯಾ" ಎಂದು ಕೇಳಿದರು.

ಒಂದು ಭಾನುವಾರ ಊರಲ್ಲಿರಲಿಲ್ಲ. ಬಂದು ನೋಡಿದರೆ ಐದೇ ಹ್ಯಾಚೆಟ್. ಒಂದು ಕಲ್ಲು ಜಾರಿ ನೆಲಕ್ಕೆ ಬಿದ್ದಿತ್ತು, ಅದರಿಂದ ಒಂದು ಗೇಣು ದೂರದಲ್ಲಿ ಆರನೆಯದು.

ದಪ್ಪ ಶೀಟ್ ತಗೋಬಹುದಿತ್ತು ಅಲ್ವಾ ಎಂದು ಕೇಳುತ್ತೀರಿ. ತಗೋಬಹುದು. ಬಾಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಖರ್ಚು ಮಾತ್ರ ಗಾಜನ್ನೂ ಮೀರುತ್ತದೆ.

ಗಾಜು ಬಾಗುವುದಿಲ್ಲ. ಅದರ ದೊಡ್ಡ ಗುಣ ಇದೇ. ನೀರು ಆವಿಯಾಗಿ ಹೋಗುವುದು ಕಡಿಮೆ, ಚಳಿಯಲ್ಲಿ ಹೀಟರ್‌ಗೆ ದುಡಿತವೂ ಕಡಿಮೆ. ಆದರೆ 60 ಸೆಂಟಿಮೀಟರ್ ಉದ್ದ, 30 ಅಗಲದ 4 ಮಿಲಿಮೀಟರ್ ಗಾಜು ಸುಮಾರು 1.8 ಕಿಲೋ ತೂಗುತ್ತದೆ. ದಿನಾ ಎರಡು ಹೊತ್ತು ಒದ್ದೆ ಕೈಯಲ್ಲಿ ಎತ್ತಿ ನೋಡಿ. ಗಡಸು ನೀರಾದರೆ ಒಳಮೈಗೆ ಬಿಳಿ ಕಲೆ ಕಟ್ಟುತ್ತದೆ, ಅದರ ಮೇಲೆ ಪಾಚಿ, ಗಿಡಗಳಿಗೆ ಬೆಳಕು ಇಳಿಯುವುದಿಲ್ಲ. ವಿನೆಗರ್ ಹಚ್ಚಿ ಉಜ್ಜಿದರೆ ಹೋಗುತ್ತದೆ, ಉಜ್ಜುವ ಚಟ ಇರುವವರಿಗೆ ತೊಂದರೆಯಿಲ್ಲ. ನನಗೆ ಆ ಚಟ ಇಲ್ಲ.

ಗಾಜಿನಲ್ಲಿ ನನ್ನನ್ನು ಕೆಡವಿದ್ದು ಪೈಪಿನ ಮೂಲೆ. ಬೆರಳು ಗಾತ್ರದ ಪೈಪಿಗೆ 5 ಸೆಂಟಿಮೀಟರ್ ಚೌಕ ಕತ್ತರಿಸಿಕೊಟ್ಟರು. ಸುತ್ತ ಉಳಿದ ಜಾಗ ಯಾವ ಲೆಕ್ಕ ಎಂದು ಬಿಟ್ಟೆ. ಆದರೆ ಫಿಲ್ಟರ್ ನೀರು ಬಂದು ಬೀಳುವುದು ಅಲ್ಲೇ, ಮೀನುಗಳು ಹರಿವಿಗೆ ಮುಖ ಮಾಡಿ ಗುಂಪಾಗಿ ನಿಲ್ಲುವುದೂ ಅಲ್ಲೇ. ಇಡೀ ತೊಟ್ಟಿ ಮುಚ್ಚಿ, ಅವು ನಿಲ್ಲುವ ಜಾಗದ ತಲೆಯ ಮೇಲೆ ಮಾತ್ರ ಕಿಂಡಿ ಬಿಟ್ಟಿದ್ದೆ. ಮೂರನೆಯದು ಹೋಗಿದ್ದು ಹೀಗೆ. ಇನ್ನೊಂದು ಸಂಗತಿ: ರಾತ್ರಿ ಗಾಜಿಗೆ ಮೀನು ಬಡಿದರೆ 'ಟಕ್' ಅನ್ನುತ್ತದೆ. ಬೆಳಿಗ್ಗೆ ಒಂದರ ಮೂತಿಯಲ್ಲಿ ಬೆಳ್ಳಗೆ ತರಚಿದ ಗಾಯ ಕಂಡೆ.

ಜಾಲರಿ ನಾನೇ ಮಾಡಿದೆ. ಕಿಟಕಿ ಪರದೆಯ ಅಲ್ಯೂಮಿನಿಯಂ ಪಟ್ಟಿ ನಾಲ್ಕು, ಮೂಲೆಗೆ ಪ್ಲಾಸ್ಟಿಕ್ ಜೋಡಣೆ, ಕಾಲಂಗುಲದ ಕಣ್ಣಿರುವ ಬಣ್ಣವಿಲ್ಲದ ಪ್ಲಾಸ್ಟಿಕ್ ಬಲೆ, ಅದನ್ನು ಕಚ್ಚಿ ಹಿಡಿಯಲು ರಬ್ಬರ್ ದಾರ. ಬಲೆಯನ್ನು ಚೌಕಟ್ಟಿನ ಮೇಲೆ ಹರಡಿ, ದಾರವನ್ನು ಪಟ್ಟಿಯ ಸೀಳಿನೊಳಗೆ ಒತ್ತುತ್ತಾ ಹೋಗುವುದು. ಮೊದಲ ಸಲ ತಬಲಾ ಥರ ಬಿಗಿ ಎಳೆದೆ, ಉದ್ದದ ಪಟ್ಟಿಗಳು ನಡುವಲ್ಲಿ ಒಳಕ್ಕೆ ಬಾಗಿ ಎರಡೂ ಕಡೆ ಸಂದಿಯಾಯಿತು. ಬಿಚ್ಚಿ, ಜೋಲು ಬೀಳದಷ್ಟು ಮಾತ್ರ ಎಳೆದು ಮತ್ತೆ ಹಾಕಿದೆ. ಪೈಪ್ ಇರುವಲ್ಲಿ ಬಲೆಗೆ ಕೂಡಿಸು ಗುರುತಿನ ಆಕಾರದಲ್ಲಿ ಕತ್ತರಿ ಹಾಕಿದರೆ ಸಾಕು, ತುಂಡುಗಳೇ ಪೈಪನ್ನು ಅಪ್ಪಿಕೊಳ್ಳುತ್ತವೆ. ಲೋಹದ ಬಲೆ ಮಾತ್ರ ಬೇಡ. ಹಿತ್ತಾಳೆಯಿಂದ ತಾಮ್ರ, ಗ್ಯಾಲ್ವನೈಸ್ ಲೇಪದಿಂದ ಸತು ನೀರಿಗಿಳಿದರೆ ತೊಟ್ಟಿಯಲ್ಲಿ ಸಾಕಿದ ಸಿಗಡಿಗಳ ಕಥೆ ಮುಗಿಯಿತು.

ಈಗ ಮೀನು ಹಾರಿದರೆ 'ಥಪ್' ಎಂಬ ಮೆತ್ತಗಿನ ಸದ್ದು, ಮರುಕ್ಷಣ ನೀರಿಗೆ ಬಿದ್ದ ಸದ್ದು. ಎಂಟು ತಿಂಗಳಾಯಿತು, ನಾಲ್ಕೂ ಇವೆ.

ತೊಂದರೆ ಇಲ್ಲ ಅಂತಲ್ಲ. ವಾರಕ್ಕೆ 2 ಸೆಂಟಿಮೀಟರ್ ನೀರು ಇಳಿಯುತ್ತದೆ, ನನ್ನ ತೊಟ್ಟಿಯ ಲೆಕ್ಕದಲ್ಲಿ ಮೂರೂವರೆ ಲೀಟರ್. ಆವಿಯಾಗುವುದು ನೀರು ಮಾತ್ರ, ಅದರ ಲವಣ ಒಳಗೇ ಉಳಿಯುತ್ತದೆ. ಹಾಗಾಗಿ ತುಂಬಲು ಲವಣ ಸೋಸಿ ತೆಗೆದ ಆರ್‌ಒ ನೀರು ಬಳಸುತ್ತೇನೆ, ಅದನ್ನು ನೀರು ಬದಲಿಸಿದ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೀಪಕ್ಕೆ ನೀರು ಸಿಡಿಯುತ್ತದೆ, ಅದಕ್ಕೇ ಎತ್ತರದಲ್ಲಿ ತೂಗುಹಾಕಿದ್ದೇನೆ.

ಮನೆಯಲ್ಲಿ ಬೆಕ್ಕಿದ್ದರೆ ಗಾಜೇ ಹಾಕಿ. ಫೈಟರ್, ಗೌರಾಮಿ ಸಾಕುವವರಿಗೂ ಗಾಜೇ ಒಳ್ಳೆಯದು. ಅವು ಮೇಲೆ ಬಂದು ಗಾಳಿ ಕುಡಿಯುವ ಮೀನು, ನೀರಿನ ಮೇಲಿನ ಗಾಳಿ ಬೆಚ್ಚಗಿರಬೇಕು. ಹಾಗಂತ ನೀರನ್ನು ಗಾಜಿಗೆ ತಾಗುವಷ್ಟು ತುಂಬಬೇಡಿ. ಕೂಲಿ ಲೋಚ್ ಥರ ಹುರಿಯಂಥ ಮೀನಿದ್ದರೆ ಕಾಲಂಗುಲದ ಕಣ್ಣು ದೊಡ್ಡದಾಯಿತು, ಸೊಳ್ಳೆ ಪರದೆಯ ಬಲೆಯನ್ನೇ ಹಾಕಿ, ಬೆಳಕು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ನನ್ನ ಥರ ಮರೆವಿನವರು, ಕೈ ಬಿಗಿ ಇರುವವರು ಜಾಲರಿ ಮಾಡಿಕೊಳ್ಳಿ. ಅಕ್ರಿಲಿಕ್‌ಗೆ ನಾನು ಸುರಿದ ದುಡ್ಡಿನಲ್ಲಿ ಇಂಥವು ಎರಡು ಆಗುತ್ತಿದ್ದವು. ಆ ಶೀಟ್ ಈಗ ಹೂಕುಂಡದ ಕೆಳಗಿದೆ. ತಟ್ಟೆಯಂತೆ ಬಾಗಿರುವುದರಿಂದ ಸೋರಿದ ನೀರು ಹೊರಗೆ ಹರಿಯುವುದಿಲ್ಲ ಎಂದು ಅಮ್ಮನಿಗೆ ಖುಷಿ.