ಹಾಸನದ ರೀಡಿಂಗ್ ರೂಮಲ್ಲಿ ಕೂತು ಚಾರ್ಟರ್ಡ್ ಸ್ಟ್ರಕ್ಚರಲ್ ಎಕ್ಸಾಮ್‌ಗೆ ಓದ್ಬಹುದಾ? ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಸಾಲಗಾಮೆ ರಸ್ತೆ ಕಡೆ ಒಂದು ಮೆಡಿಕಲ್ ಶಾಪ್ ಮೇಲಿನ ಮಹಡೀಲಿದೆ, ತಿಂಗಳಿಗೆ 900 ರೂಪಾಯಿ, ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದ್ರೆ ರಾತ್ರಿ ಹತ್ತರವರೆಗೂ ಯಾರೂ ಏಳಿ ಅನ್ನಲ್ಲ. ಪಿಡಿಒ, ಎಫ್‌ಡಿಎ, ಪಿಎಸ್‌ಐ ಓದೋರಾದ್ರೆ ಕಣ್ಮುಚ್ಕೊಂಡು ಐದು ಕೊಡ್ತಾರೆ, ಕೊಟ್ಟೂ ಇದಾರೆ. ನಾನು ಓದ್ತಿರೋ ಪರೀಕ್ಷೆ ಬೇರೆ ಜಾತೀದು, ಅದಕ್ಕೇ ಒಂದೂವರೆ ಕಟ್.

ಯಾವ ಪರೀಕ್ಷೆ ಅಂತ ಹೇಳ್ದೆ ರಿವ್ಯೂ ಅರ್ಥ ಆಗಲ್ಲ. ನಮ್ಮ ದೇಶದಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ (ಕಟ್ಟಡ, ಸೇತುವೆ ಭಾರ ತಡ್ಕೊಳ್ಳೋ ಹಾಗೆ ಲೆಕ್ಕ ಹಾಕೋನು) ಅನ್ನಿಸ್ಕೊಳ್ಳೋಕೆ ಎಲ್ಲರೂ ಬರೀಲೇಬೇಕಾದ ಒಂದು ಲೈಸೆನ್ಸ್ ಪರೀಕ್ಷೆ ಅಂತ ಇಲ್ಲ, ಡಿಗ್ರಿ ಇರ್ಬೇಕು, ಇಷ್ಟು ವರ್ಷ ಅನುಭವ ಇರ್ಬೇಕು, ಅದ್ರ ಮೇಲೆ ನಗರಸಭೆ ಪಾಲಿಕೆಗಳಲ್ಲಿ ರಿಜಿಸ್ಟರ್ ಮಾಡ್ಕೋತಾರೆ. ನಾನು ಮನೇಲಿ ಕೂತು ಇಂಗ್ಲೆಂಡ್ ಪ್ರಾಜೆಕ್ಟ್‌ಗಳಿಗೆ ಡಿಸೈನ್ ಮಾಡೋನು, ಅಲ್ಲಿಯೋರ ಜೊತೆ ಸಮಕ್ಕೆ ಕೂತು ಮಾತಾಡ್ಬೇಕು ಅಂದ್ರೆ ಲಂಡನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಸ್ಟ್ರಕ್ಚರಲ್ ಎಂಜಿನಿಯರ್ಸ್‌ನ ಚಾರ್ಟರ್ಡ್ ಮೆಂಬರ್‌ಶಿಪ್ ಬೇಕು, ಅಂದ್ರೆ ಇವನು ಪೂರ್ತಿ ಅರ್ಹತೆ ಇರೋ ಎಂಜಿನಿಯರ್ ಅನ್ನೋ ಅವರ ಮಾನ್ಯತೆ. 1908ರಲ್ಲಿ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಅಂತ ಶುರುವಾಗಿದ್ದು, 1922ರಲ್ಲಿ ಈಗಿನ ಹೆಸರು ಬಂತು. ಇವರ ಪರೀಕ್ಷೆ ಅಂದ್ರೆ ಬಹಳ ವರ್ಷಗಳಿಂದ ಒಂದೇ ದಿನ 7 ಗಂಟೆ ಕೂತು ಕೈಯಲ್ಲೇ ಬರೆದು ಕೈಯಲ್ಲೇ ಡ್ರಾಯಿಂಗ್ ಹಾಕೋದು ಅಂತ್ಲೇ ಹೆಸರು. ಫಾರ್ಮ್ಯಾಟ್ ಕಾಲಕಾಲಕ್ಕೆ ಬದಲಾಯಿಸ್ತಾರೆ, ನೀವು ಪರೀಕ್ಷೆಗೆ ಫೀಸ್ ಕಟ್ಟೋ ಮುಂಚೆ ಅವರ ಸೈಟಲ್ಲೇ ನೋಡ್ಕೊಳಿ, ನಾನು ಪ್ರ್ಯಾಕ್ಟೀಸ್ ಮಾಡ್ತಿರೋದಂತೂ ಹಳೇ ಪೇಪರ್‌ಗಳನ್ನೇ.

ಪೇಪರಲ್ಲಿ ಕೆಲವು ಪ್ರಶ್ನೆ ಕೊಟ್ಟಿರ್ತಾರೆ, ನೀವು ಬರೆಯೋದು ಒಂದೇ. ಒಂದೇನಾ, ಸುಲಭ ಅಂತ ನಮ್ಮಮ್ಮ ಅಂದ್ಕೊಂಡಿದ್ರು. ಆ ಒಂದು ಪ್ರಶ್ನೆಯಲ್ಲಿ ಒಂದು ಕಟ್ಟಡನೋ ಸೇತುವೇನೋ ಇರುತ್ತೆ, ಸೈಟ್ ಪ್ಲ್ಯಾನು, ಬೋರ್‌ಹೋಲ್ ರಿಪೋರ್ಟು (ನೆಲ ಕೊರೆದು ಮಣ್ಣು ನೋಡಿದ್ದು), ಲೋಡು, ಗಾಳಿ ವೇಗ, ಕ್ಲೈಂಟ್ ಇಲ್ಲಿ ಕಾಲಂ ಬೇಡ ಅಲ್ಲಿ ಕಾಲಂ ಬೇಡ ಅಂತ ಹಾಕಿರೋ ಷರತ್ತು, ಎಲ್ಲಾ ಕೊಟ್ಟು ಇದಕ್ಕೆ ಎರಡು ಬೇರೆ ಬೇರೆ ಪರಿಹಾರ ಕೊಡು ಅಂತಾರೆ. ಅದಕ್ಕೇ 40 ಮಾರ್ಕ್ಸು. ಆಮೇಲೆ ಕ್ಲೈಂಟಿಗೆ ಒಂದು ಕಾಗದ 10, ಲೆಕ್ಕ 20, ಡ್ರಾಯಿಂಗ್ 20, ಹೇಗೆ ಕಟ್ತೀರಿ ಎಷ್ಟು ದಿನ ಅನ್ನೋದು 10. ಹಳೇ ಪೇಪರ್‌ಗಳ ಲೆಕ್ಕಾಚಾರ ಇದು.

ಈ ಎರಡು ಪರಿಹಾರ ಅನ್ನೋದೇ ನಮ್ಮ ಕಡೆಯೋರಿಗೆ ಗಂಟಲಲ್ಲಿ ಸಿಕ್ಕೊಳ್ಳೋದು. ಹಾಸನದಲ್ಲಿ ನಾವು ನೋಡ್ಕೊಂಡು ಬೆಳೆದಿದ್ದು 30-40 ಸೈಟಲ್ಲಿ 9 ಇಂಚಿನ ಕಾಲಮ್ಮು, ಅದೆಲ್ಲಿ ಬರ್ಬೇಕು ಅಂತ ಪಾಯ ತೆಗೆಯೋ ದಿನ ಮೇಸ್ತ್ರಿ ಸುಣ್ಣದಲ್ಲಿ ಗುರುತು ಹಾಕ್ತಾನೆ, ಅದಕ್ಕೆ ಎರಡನೇ ಆಯ್ಕೆ ಎಲ್ಲಿಂದ ಬರ್ಬೇಕು. ಕಾಂಕ್ರೀಟ್ ಬೀಮ್ ತೆಗೆದು ಸ್ಟೀಲ್ ಬೀಮ್ ಹಾಕಿದ್ರೆ ಎರಡನೇ ಪರಿಹಾರ ಆಗಲ್ಲ ಕಣ್ರೀ. ಭಾರ ನೆಲಕ್ಕೆ ಇಳಿಯೋ ದಾರೀನೇ ಬದಲಾಗ್ಬೇಕು: ಒಂದ್ರಲ್ಲಿ ಗಾಳಿ ತಳ್ಳಿದ್ದನ್ನ ಲಿಫ್ಟ್ ಗೋಡೆ ತಡ್ಕೊಂಡ್ರೆ ಇನ್ನೊಂದ್ರಲ್ಲಿ ಬ್ರೇಸಿಂಗೋ (ಓರೆಯಾಗಿ ಕಟ್ಟಿದ ಸರಳು) ಪೋರ್ಟಲ್ ಫ್ರೇಮೋ (ಕಾಲಂ ಬೀಮ್ ಗಟ್ಟಿಯಾಗಿ ಬೆಸೆದ ಚೌಕಟ್ಟು) ತಡ್ಕೋಬೇಕು, ಒಂದ್ರಲ್ಲಿ ಪ್ಯಾಡ್ ಫೌಂಡೇಶನ್ (ಕಾಲಂ ಕೆಳಗೆ ಅಗಲ ಪಾಯ) ಆದ್ರೆ ಇನ್ನೊಂದ್ರಲ್ಲಿ ಪೈಲು (ನೆಲದಾಳಕ್ಕೆ ಇಳಿಸೋ ಕಂಬ), ಯಾಕೆ ಅಂತ ಕಾರಣನೂ ಬೇಕು, ಕೊನೇಲಿ ಎರಡ್ರಲ್ಲಿ ನಂಗೆ ಇದೇ ಒಳ್ಳೇದು ಅಂತ ಆರಿಸ್ಬೇಕು. ಇದು ಬಾಯಿಪಾಠದಲ್ಲಿ ಬರಲ್ಲ, ಬರೆದು ಗೀಚಿ ಹರಿದು ಮತ್ತೆ ಬರೆದ್ರೇ ಬರೋದು.

ಅದಕ್ಕೇ ಟೇಬಲ್ ವಿಷಯ. ಇಲ್ಲಿ ಒಂದೊಂದು ಕ್ಯಾಬಿನ್ನು ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಉದ್ದ, ಮೂರು ಕಡೆ ಪ್ಲೈವುಡ್. ಎ3 ಹಾಳೆ 420 ಮಿಲಿಮೀಟರ್ ಅಗಲ, ಅದನ್ನ ಮಧ್ಯ ಇಟ್ರೆ ಎರಡು ಪಕ್ಕದಲ್ಲಿ ತಲಾ ಒಂದು ಗೇಣೂ ಉಳಿಯಲ್ಲ, ಪ್ರಶ್ನೆಪತ್ರಿಕೆ ತೊಡೆ ಮೇಲೆ, ಕೋಡ್ (ಡಿಸೈನ್ ನಿಯಮಗಳ ಪುಸ್ತಕ) ಫೋಲ್ಡರ್ ನೆಲದ ಮೇಲೆ, ಸ್ಕೇಲ್ ಇಟ್ಟು ಗೆರೆ ಎಳೆದ್ರೆ ಮೊಣಕೈ ಹೋಗಿ ಪ್ಲೈವುಡ್ಡಿಗೆ ಡಬ್ ಅಂತ ಬಡಿಯುತ್ತೆ, ಆ ಕಡೆಯೋನು ಏನ್ ಸಾರ್ ಅಂತಾನೆ. ಓನರ್ ಅಣ್ಣಂಗೆ ಹೇಳ್ದೆ. ಅವರು ಮೊದ್ಲು "ಎಲ್ರೂ ಇದ್ರಲ್ಲೇ ಓದ್ತಾರಲ್ಲ ಸಾರ್" ಅಂದ್ರು, ಒಂದು ದಿನ ನಿಂತು ನೋಡಿ ಸ್ಟೋರ್ ರೂಮಿನ ಕಡೆ ಕಿಟಕಿ ಹತ್ರ ಎರಡು ಹಳೇ ಮೇಜು ಜೋಡಿಸಿಕೊಟ್ರು, ಎತ್ತರ ಸ್ವಲ್ಪ ಹೆಚ್ಚು ಕಮ್ಮಿ ಇತ್ತು ಅಂತ ಒಂದ್ರ ಕಾಲಿಗೆ ರಟ್ಟು ಮಡಚಿ ಇಟ್ಟಿದ್ದೂ ಅವರೇ. ಎಕ್ಸ್‌ಟ್ರಾ ದುಡ್ಡು ಕೇಳ್ಲಿಲ್ಲ. ಮೂರಕ್ಕೆ ನಿಲ್ಬೇಕಾಗಿದ್ದ ರೇಟಿಂಗ್ ಮೂರೂವರೆ ಆಗಿದ್ದು ಇಲ್ಲೇ. ಆದ್ರೆ ಆ ಜಾಗ ಒಬ್ಬರಿಗೇ ಆಗೋದು, ನೀವು ಹೋದಾಗ ಖಾಲಿ ಇರುತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ.

ಅಮೆರಿಕದ ಎಸ್‌ಇ (ಸ್ಟ್ರಕ್ಚರಲ್ ಎಂಜಿನಿಯರ್ ಲೈಸೆನ್ಸ್) ಪರೀಕ್ಷೆಗೆ ಓದೋರಿದ್ರೆ ಅವರಿಗೆ ಕ್ಯಾಬಿನ್ನೇ ಸಾಕು. ಅದು ಮುಂಚೆ ಎರಡು ದಿನ 16 ಗಂಟೆ ಇದ್ದಿದ್ದು, 2024ರಿಂದ ಕಂಪ್ಯೂಟರಿಗೆ ಬಂದು ನಾಲ್ಕು ಭಾಗ ಆಗಿದೆ, ಸ್ವಂತ ಪುಸ್ತಕ ಒಳಗೆ ಬಿಡಲ್ಲ, ಕೋಡ್ ಎಲ್ಲಾ ಸ್ಕ್ರೀನ್ ಮೇಲೇ ಹುಡುಕ್ಬೇಕು. ಲ್ಯಾಪ್‌ಟಾಪ್ ಇಟ್ಕೊಂಡು ಅದನ್ನೇ ಅಭ್ಯಾಸ ಮಾಡೋಕೆ ಈ ಜಾಗ ಚೆನ್ನಾಗಿದೆ, ವೈಫೈ ಒಳ್ಳೇ ಸ್ಪೀಡ್ ಇದೆ. ಕ್ಯಾಲ್ಕುಲೇಟರ್ ಕೂಡ ನಮ್ಮ ಹುಡುಗ್ರ ಕೈಲಿರೋ ಕ್ಯಾಸಿಯೋ ಎಫ್ಎಕ್ಸ್ 991 ಅಲ್ಲಿ ನಡೆಯುತ್ತೆ, ಅಷ್ಟು ಸಮಾಧಾನ.

ಇನ್ನು ಜೊತೆಯಲ್ಲಿ ಓದೋರು. ಸ್ಟ್ರಕ್ಚರಲ್ ಗೊತ್ತಿರೋರು ಒಬ್ರೂ ಇಲ್ಲ, ಎಇಇಗೆ ಓದೋ ಇಬ್ರು ಸಿವಿಲ್ ಹುಡುಗ್ರನ್ನ ಬಿಟ್ರೆ. ಅವರ ಜೊತೆ ಕೋಡ್ ಜಗಳ ಚೆನ್ನಾಗಿರುತ್ತೆ. ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456 ಪ್ರಕಾರ ಎಂ30 ಅಂದ್ರೆ 150 ಮಿಲಿಮೀಟರ್ ಕಾಂಕ್ರೀಟ್ ಕ್ಯೂಬ್ ಒಡೆದಾಗ ಬರೋ ಗಟ್ಟಿತನದ ಲೆಕ್ಕ, ಯೂರೋಪಿನ ಯೂರೋಕೋಡಲ್ಲಿ ಸಿ30/37 ಅಂದ್ರೆ ಸಿಲಿಂಡರಲ್ಲಿ 30, ಕ್ಯೂಬಲ್ಲಿ 37, ಅಂದ್ರೆ ಎರಡೂ ಕಡೆ 30 ಕಂಡ್ರೂ ಕಾಂಕ್ರೀಟ್ ಒಂದೇ ಅಲ್ಲ. ಗಾಳೀನೂ ಹಂಗೇ. ಬೆಂಗಳೂರಿಗೆ ನಮ್ಮ ಕೋಡಲ್ಲಿ ಸೆಕೆಂಡಿಗೆ 33 ಮೀಟರ್, ಅದು 3 ಸೆಕೆಂಡಿನ ಬಿರುಗಾಳಿ ಲೆಕ್ಕ. ಯೂರೋಕೋಡಿನವರು 10 ನಿಮಿಷದ ಸರಾಸರಿ ತಗೋತಾರೆ, ಅಲ್ಲಿ 23 ಕಂಡು ಪಾಪ ಕಮ್ಮಿ ಗಾಳಿ ಅಂದ್ಕೊಂಡ್ರೆ ಕಟ್ಟಡ ಹೋಯ್ತು. ಹಿಮದ ಭಾರದ ಬಗ್ಗೆ ಮಾತ್ರ ಮೂರೂ ಜನ ಸಮಾನ ಅಜ್ಞಾನಿಗಳು, ಸಕಲೇಶಪುರದ ಮಳೆ ಬಿಟ್ಟು ಸೂರಿನ ಮೇಲೆ ಬೇರೇನೂ ಬಿದ್ದಿದ್ದು ನೋಡಿಲ್ಲ.

ಆದ್ರೆ ನಂಗೆ ನಿಜವಾಗ್ಲೂ ಉಪಯೋಗ ಆಗಿದ್ದು ಎಂಜಿನಿಯರ್ ಅಲ್ದೇ ಇರೋರಿಂದ. ಆ 10 ಮಾರ್ಕಿನ ಕಾಗದ ಇದೆಯಲ್ಲ, ಡಿಸೈನ್ ಮುಗಿದ ಮೇಲೆ ಕ್ಲೈಂಟು ಬಂದು ಗ್ರೌಂಡ್ ಫ್ಲೋರಲ್ಲಿ ಈ ಕಾಲಂ ತೆಗೆದ್ರೆ ಆಗುತ್ತಾ ಅಂತ ಕೇಳ್ತಾನೆ ಅನ್ಕೊಳಿ, ಅದಕ್ಕೆ ಉತ್ತರ. ಪಕ್ಕದಲ್ಲಿ ಪಿಡಿಒಗೆ ಓದ್ತಿದ್ದ ಹುಡುಗಿ, ಅರಕಲಗೂಡು ಕಡೆಯೋರು, ಕನ್ನಡ ಪೇಪರಿಗೆ ಪತ್ರಲೇಖನ ತಿದ್ದಿ ತಿದ್ದಿ ಪಳಗಿರೋರು. ನನ್ನ ಕಾಗದನ ಕನ್ನಡದಲ್ಲಿ ಓದಿ ಹೇಳ್ದೆ. ಪೂರ್ತಿ ಕೇಳಿ, "ಸಾರ್, ತೆಗೀಬಹುದಾ ತೆಗೀಬಾರ್ದಾ ಅದೇ ಗೊತ್ತಾಗ್ಲಿಲ್ಲ, ಮೊದಲನೇ ಸಾಲಲ್ಲೇ ಹೇಳ್ಬಿಡಿ, ಆಮೇಲೆ ಖರ್ಚೆಷ್ಟು ತಡ ಎಷ್ಟು ಹೇಳಿ, ಬೆಂಡಿಂಗ್ ಮೊಮೆಂಟ್ ಯಾಕೆ ಹೇಳ್ತೀರಿ ಅವರಿಗೆ" ಅಂದ್ರು. ಅಷ್ಟೇ. ಈಗ ನಾನು ಬರೆಯೋ ಕಾಗದ ಹಿಂಗೆ ಶುರುವಾಗುತ್ತೆ: ತೆಗೀಬಹುದು, ಆದ್ರೆ ಮೇಲಿನ ಮಹಡಿಗಳ ಭಾರ ಹೊರೋಕೆ ಅಲ್ಲೊಂದು ದಪ್ಪ ಟ್ರಾನ್ಸ್‌ಫರ್ ಬೀಮ್ ಬೇಕು, ಅದರ ಕೆಳಗೆ ತಲೆ ಮೇಲಿನ ಜಾಗ ಕಮ್ಮಿ ಆಗುತ್ತೆ, ಅಕ್ಕಪಕ್ಕದ ಕಾಲಂ, ಪಾಯ ಎರಡೂ ದೊಡ್ಡದಾಗುತ್ತೆ, ಇಷ್ಟು ದಿನ ತಡ. ಕೋಚಿಂಗಿಗೆ ದುಡ್ಡು ಕಟ್ಟಿದ್ರೂ ಇಷ್ಟು ನೇರ ಯಾರೂ ಹೇಳ್ತಿರ್ಲಿಲ್ಲ.

ಕಿರಿಕಿರಿಗಳೂ ಇವೆ. ಕರೆಂಟ್ ಹೋದ್ರೆ ಯುಪಿಎಸ್ ಲೈಟಿಗೆ ಮಾತ್ರ, ಫ್ಯಾನಿಗಿಲ್ಲ. ಜುಲೈ ಸೋನೆ ಮಳೇಲಿ ಕಿಟಕಿ ಹತ್ರದ ಎ3 ಹಾಳೆ ಮೆತ್ತಗಾಗಿ ಪೆನ್ಸಿಲ್ ಗೆರೆ ಕೂರಲ್ಲ, ನಾನು ಹಾಳೆ ಪ್ಲಾಸ್ಟಿಕ್ ಕವರಲ್ಲಿಟ್ಟು ಬೇಕಾದಷ್ಟೇ ತೆಗೀತೀನಿ. ಮಧ್ಯಾಹ್ನ ಒಂದರಿಂದ ಎರಡು ಗುಡಿಸಿ ಒರೆಸ್ತಾರೆ, ಎಲ್ಲರೂ ಹೊರಗೆ. 7 ಗಂಟೆ ಪೇಪರ್ ಒಂದೇ ಸಲಕ್ಕೆ ಕೂತು ಬರೀತೀನಿ ಅನ್ನೋರಿಗೆ ಇದು ದೊಡ್ಡ ಹೊಡೆತ, ಅದಕ್ಕೇ ಆ ಒಂದು ಸ್ಟಾರ್ ಪೂರ್ತಿ ಹೋಗಿದ್ದು. ಭಾನುವಾರ ಮಾತ್ರ ಗುಡಿಸೋದು ಸಂಜೆ, ಹಾಗಾಗಿ ಪೂರ್ತಿ ಪೇಪರ್ ಭಾನುವಾರಕ್ಕೇ ಇಟ್ಕೊಳಿ. ಟೀ ಕೆಳಗಡೆ ಸಿಗುತ್ತೆ, ಪರವಾಗಿಲ್ಲ. ಟಾಯ್ಲೆಟ್ ಕ್ಲೀನ್.

ಬೈಕ್ ನಿಲ್ಲಿಸೋಕೆ ಪಕ್ಕದ ಖಾಲಿ ಸೈಟಿದೆ, ಕಾರಲ್ಲಿ ಬರ್ಬೇಡಿ. ದೀಪಾವಳಿ ಹೊತ್ತಿಗೆ ಹಾಸನಾಂಬ ಬಾಗಿಲು ತೆಗೆದಾಗ ಊರೆಲ್ಲಾ ಜನ, ರಸ್ತೆ ಎಲ್ಲೆಲ್ಲಿ ಬಂದ್ ಮಾಡಿರ್ತಾರೋ ಹೇಳೋಕಾಗಲ್ಲ, ಆ ದಿನಗಳಲ್ಲಿ ಹೊರಗಿಂದ ಬರೋರು ಅಡ್ಮಿಷನ್ ಮಾಡಿಸ್ಬೇಡಿ, ಮುಂದಿನ ತಿಂಗಳಿಂದ ಮಾಡ್ಸಿ, ಅಡ್ವಾನ್ಸ್ ಕೊಟ್ರೆ ಅವರು ವಾಪಸ್ ಕೊಡಲ್ಲ.